ಮುಖ ತೊಳೆಯುವ ಮೊದಲಿನ ಆ ಒಂದು ಸಿಗರೇಟು

ಸಿಗರೇಟು ಬಿಡುವುದು ಹೇಗೆ ಎಂದು ಕೇಳಿದ ನಿಮ್ಮ ಪತ್ರ ಓದಿದೆ. 19 ವರ್ಷದಿಂದ ದಿನಕ್ಕೆ 15 ಸಿಗರೇಟು. ನಾಲ್ಕು ಸಲ ಬಿಟ್ಟಿದ್ದೀರಿ, ನಾಲ್ಕೂ ಸಲ ಮೂರನೇ ದಿನಕ್ಕೆ ಸೋತಿದ್ದೀರಿ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಅನ್ನು ಹೊಗೆಯಿಲ್ಲದೆ ಕೊಡುವ, 2 ಮಿಲಿಗ್ರಾಂ ನಿಕೋಟಿನ್ ಗಮ್ ತಂದು, ಕಾಫಿ ಕುಡಿಯುತ್ತ ಜಗಿದು, ಬಿಕ್ಕಳಿಕೆ, ಎದೆಯುರಿ ಎಂದು ಎಸೆದಿದ್ದೀರಿ. ಒಂದೇ ದಿನದಲ್ಲಿ ಬಿಟ್ಟ ನಿಮ್ಮ ಅಣ್ಣ 'ನಿನಗೆ ಮನೋಬಲ ಇಲ್ಲ' ಎನ್ನುತ್ತಾರಂತೆ.

ಅಣ್ಣನದು ಮೊದಲು ಮುಗಿಸೋಣ. ಅವರು ಸೇದುತ್ತಿದ್ದದ್ದು ಊಟವಾದ ಮೇಲೆ, ದಿನಕ್ಕೆ ಎರಡು ಎಂದು ನೀವೇ ಬರೆದಿದ್ದೀರಿ. ಮೊಣಕಾಲುದ್ದ ನೀರಲ್ಲಿ ಹೊಳೆ ದಾಟಿದವರು ಈಜು ಕಲಿಸಲು ಬರಬಾರದು. 'ಮನೋಬಲ' ಎಂಬ ಪದಕ್ಕೆ ಈ ಅಂಕಣದಲ್ಲಿ ಪ್ರವೇಶವಿಲ್ಲ.

ನೀವು ತೇಲಿಸಿಬಿಟ್ಟ ಮಾತು ಬೇರೆಯೇ ಇದೆ: 'ಎದ್ದ ಕೂಡಲೇ, ಮುಖ ತೊಳೆಯುವ ಮೊದಲು ಒಂದು ಬೇಕು, ಅಷ್ಟೇ.' ಅಷ್ಟೇ ಅಂದರೆ ಹೇಗೆ ಸ್ವಾಮಿ! ರಕ್ತದಲ್ಲಿನ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಬಹುಪಾಲು ಖಾಲಿ. ವರ್ಷಗಟ್ಟಲೆ ಸೇದಿದ ಮಿದುಳಿನಲ್ಲಿ ನಿಕೋಟಿನ್ ಹಿಡಿಯುವ ಗ್ರಾಹಕಗಳು ಹೆಚ್ಚಿಕೊಂಡಿರುತ್ತವೆ, ಅವೆಲ್ಲ ಬಾಯಿ ತೆರೆದು ಕಾಯುತ್ತಿರುತ್ತವೆ. ಒಂದು ದಮ್ಮು ಎಳೆದರೆ 10–20 ಸೆಕೆಂಡಿನಲ್ಲಿ ತಲೆಗೆ ತಲುಪುತ್ತದೆ. ಎದ್ದ 30 ನಿಮಿಷದೊಳಗೆ ಸೇದುವವರ ಚಟ ಗಟ್ಟಿ. ಬಿಟ್ಟ ಮೇಲಿನ ಸಿಡುಕು, ಚಡಪಡಿಕೆ ತಾರಕಕ್ಕೇರುವುದು ಎರಡು–ಮೂರನೇ ದಿನ. ನಿಮ್ಮ ಮೂರನೇ ದಿನ ಅದೇ.

ಚಟ ಇಷ್ಟು ಗಟ್ಟಿಯಿರುವ ನಿಮಗೆ ಬೇಕಾದದ್ದು 4 ಮಿಲಿಗ್ರಾಂ ಗಮ್. ಕಾಫಿಯ ಹುಳಿಗೆ ನಿಕೋಟಿನ್ ಬಾಯೊಳಗೆ ಹೀರಿಕೊಳ್ಳದೆ ಜೊಲ್ಲಿನ ಜೊತೆ ಹೊಟ್ಟೆಗಿಳಿಯಿತು, ಬಿಕ್ಕಳಿಕೆ ಅಲ್ಲಿಂದ ಬಂತು. ಗಮ್‌ಗೆ 15 ನಿಮಿಷ ಮೊದಲಿನಿಂದ, ಬಾಯಲ್ಲಿರುವಷ್ಟು ಹೊತ್ತೂ, ನೀರು ಬಿಟ್ಟು ಬೇರೇನೂ ಬೇಡ. ಚ್ಯೂಯಿಂಗ್ ಗಮ್‌ನಂತೆ ಒಂದೇ ಸಮ ಜಗಿಯಬೇಡಿ. ನಿಧಾನ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಗೂ ಒಸಡಿಗೂ ನಡುವೆ ಒತ್ತಿಡಿ. ಚುರುಚುರು ಇಳಿದ ಮೇಲೆ ಮತ್ತೆ ಜಗಿಯಿರಿ. ಒಂದಕ್ಕೆ ಅರ್ಧ ಗಂಟೆ. ಗಮ್ ಹತ್ತುವುದು ನಿಧಾನ, ಸಿಗರೇಟಿನ ಆ ಒದೆತ ಅದರಲ್ಲಿ ಸಿಗದು. ಹಾಗಾಗಿ ಆಸೆ ಕೆರಳಿದ ಮೇಲೆ ಹುಡುಕಿದರೆ ತಡವಾಯಿತು. ಮೊದಲ 6 ವಾರ ಬೇಕೆನಿಸಲಿ, ಬಿಡಲಿ, ಒಂದೆರಡು ಗಂಟೆಗೊಮ್ಮೆ ಒಂದು. ದಿನಕ್ಕೆ 24 ದಾಟಬಾರದು. ಹೃದಯದ ತೊಂದರೆಯಿದ್ದರೆ ಮೊದಲು ವೈದ್ಯರನ್ನು ಕೇಳಿ.

ಇಷ್ಟೂ ಮರೆತರೂ ಇದೊಂದು ಮಾಡಿ: ಇವತ್ತು ರಾತ್ರಿ ದಿಂಬಿನ ಪಕ್ಕ ಒಂದು ಗಮ್ ಇಟ್ಟು ಮಲಗಿ. ಎದ್ದು ಕೂತ ತಕ್ಷಣ, ಕಾಲು ನೆಲಕ್ಕಿಡುವ ಮೊದಲು, ಅದು ಬಾಯಲ್ಲಿರಲಿ. ಮತ್ತು ಮೂರು ದಿನ ಅಣ್ಣನ ಫೋನ್ ಎತ್ತಬೇಡಿ.