ಓದುಗರ ಪ್ರಶ್ನೆ: ಆಟದಲ್ಲಿ ಎಳೆದ ಹಗ್ಗ

ಪ್ರಶ್ನೆ: ನಿಶ್ಚಿತಾರ್ಥ ಮುಗಿದು ನನ್ನ ಮದುವೆ ಮಾಘ ಮಾಸಕ್ಕೆ ಗೊತ್ತಾಗಿದೆ. ಕಳೆದ ಭಾನುವಾರ ನಮ್ಮ ತಾಯಿಯ ಜೊತೆ ಹುಡುಗನ ಮನೆಗೆ ಹೋದಾಗ ಅವರು ‘ಕ್ಯಾಥರಿನ್’ ಎಂಬ ವಿಡಿಯೊ ಗೇಮ್ ಆಡುತ್ತಿದ್ದರು. ಮದುವೆಯಿಂದ ಬದುಕು ಶುರುವಾಗುತ್ತದೆಯೋ ಮುಗಿಯುತ್ತದೆಯೋ ಎಂದು ಆಟ ಕೇಳಿತು. ಅವರು ‘ಮುಗಿಯುತ್ತದೆ’ ಎಂಬುದನ್ನು ಆರಿಸಿ ನಕ್ಕರು. ನಾನೂ ನಕ್ಕೆ, ಆದರೆ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು. ಇದು ಎಂಥ ಆಟ? ಇಂಥ ಉತ್ತರದಿಂದ ಮನುಷ್ಯನ ಮನಸ್ಸು ತಿಳಿಯುತ್ತದೆಯೇ?
– ಓದುಗಿ, ಶಿರಾ ಗೇಟ್, ತುಮಕೂರು

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಆಟದ ಸ್ವರೂಪದಲ್ಲೇ ಉತ್ತರವಿರುವುದರಿಂದ ಮೊದಲು ಆಟದ ವಿಷಯಕ್ಕೆ ಬರುತ್ತೇನೆ. ಜಪಾನಿನ ಅಟ್ಲಸ್ ಸಂಸ್ಥೆ 2011ರಲ್ಲಿ ಇದನ್ನು ಹೊರತಂದಿತು. ನಿರ್ದೇಶಕರು ಕತ್ಸುರಾ ಹಾಶಿನೊ. ಕಥಾನಾಯಕ ವಿನ್ಸೆಂಟ್‌ಗೆ 32 ವರ್ಷ. ಬಹುಕಾಲದ ಗೆಳತಿ ಕ್ಯಾಥರಿನ್ ಮದುವೆಯ ಮಾತೆತ್ತಿದಾಗ ಅವನು ಹೂಂ ಎನ್ನಲಾರ, ಊಹೂಂ ಎನ್ನಲೂ ಆರ. ಅಷ್ಟರಲ್ಲಿ ಬಾರಿನಲ್ಲಿ ಪರಿಚಯವಾದ ಇನ್ನೊಬ್ಬಳು ಯುವತಿಯೂ ಕ್ಯಾಥರಿನ್ನೇ. ಇಂಗ್ಲಿಷಿನಲ್ಲಿ ಒಬ್ಬಳ ಹೆಸರು ಕೆ ಅಕ್ಷರದಿಂದ, ಇನ್ನೊಬ್ಬಳದು ಸಿ ಅಕ್ಷರದಿಂದ ಶುರುವಾಗುತ್ತದೆ. ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸವೂ ಉಳಿಯುವುದಿಲ್ಲ, ವಿನ್ಸೆಂಟನ ಫಜೀತಿ ನಮಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಹಗಲು ಕಥೆ, ರಾತ್ರಿ ಒಗಟು. ನಿದ್ದೆಯಲ್ಲಿ ವಿನ್ಸೆಂಟ್ ಸೈಜುಗಲ್ಲಿನಂಥ ಚೌಕ ಬ್ಲಾಕುಗಳ ಗೋಪುರವನ್ನು ಹತ್ತುತ್ತಾನೆ. ಕೆಳಗಿನ ಸಾಲುಗಳು ಒಂದೊಂದಾಗಿ ಕುಸಿಯುತ್ತಿರುವಾಗಲೇ ಬ್ಲಾಕುಗಳನ್ನು ಎಳೆದು, ನೂಕಿ ಮೆಟ್ಟಿಲು ಮಾಡಿಕೊಳ್ಳಬೇಕು. ಕನಸಿನಲ್ಲಿ ಬಿದ್ದವನು ಬೆಳಿಗ್ಗೆ ಏಳುವುದಿಲ್ಲ ಎಂಬ ಸುದ್ದಿ ಊರಲ್ಲೆಲ್ಲ ಹಬ್ಬಿರುತ್ತದೆ. ಮನೆಯಲ್ಲಿ ಒಂದು ಬೆಂಕಿಪೊಟ್ಟಣದ ಅಂಚಿಗೆ ಇನ್ನೊಂದರ ಅಂಚನ್ನು ಮಾತ್ರ ತಾಗಿಸಿ ಕೈಬಿಟ್ಟು ನೋಡಿ, ತಟ್ಟನೆ ಬೀಳುತ್ತದೆ. ಈ ಆಟದಲ್ಲಿ ಬೀಳುವುದಿಲ್ಲ. ಅಂಚಿಗೆ ಅಂಚು ತಾಗಿದರೆ ಸಾಕು, ಕಲ್ಲು ಗಾಳಿಯಲ್ಲಿ ನಿಲ್ಲುತ್ತದೆ. ನನಗೆ ಇದು ಹೊಳೆಯುವ ಹೊತ್ತಿಗೆ ಎರಡನೆಯ ರಾತ್ರಿಯಲ್ಲೇ ಹತ್ತಾರು ಸಲ ಬಿದ್ದಿದ್ದೆ. ಪೂರ್ತಿ ಕೂಡಿಕೊಳ್ಳದೆ, ಪೂರ್ತಿ ಬಿಡದೆ, ಅಂಚಿನಲ್ಲಷ್ಟೇ ತಾಗಿಕೊಂಡಿರುವ ಆ ಕಲ್ಲು ವಿನ್ಸೆಂಟನ ಹಾಗೆಯೇ ಇದೆ ಎಂದು ನನಗೆ ಅನ್ನಿಸಿದ್ದುಂಟು.

ಹಂತಗಳ ನಡುವೆ ಚರ್ಚಿನ ಪಾಪನಿವೇದನೆಯ ಕೋಣೆಯಂಥದೊಂದು ಬರುತ್ತದೆ. ನೀವು ಕಂಡ ಪ್ರಶ್ನೆ ಅಲ್ಲಿಯದು. ಎರಡು ಹಗ್ಗಗಳಲ್ಲಿ ಒಂದನ್ನು ಎಳೆಯುವುದೇ ಉತ್ತರ. ಎಳೆದೊಡನೆ ಮಾಪಕದ ಮುಳ್ಳು ಒಂದು ಕಡೆಗೆ ವಾಲುತ್ತದೆ. ಅದರ ಎರಡು ತುದಿಗಳನ್ನು ಒಳ್ಳೆಯದು, ಕೆಟ್ಟದ್ದು ಎಂದು ತಿಳಿಯುವವರೇ ಹೆಚ್ಚು. ಆದರೆ ಅದು ಅಳೆಯುವುದು ಕಟ್ಟುಪಾಡಿನ ಬದುಕು ಬೇಕೋ, ಸ್ವೇಚ್ಛೆಯ ಬದುಕು ಬೇಕೋ ಎಂಬುದನ್ನು. ಮುಳ್ಳು ನಿಂತ ಜಾಗ ಮತ್ತು ಕೊನೆಯಲ್ಲಿ ಕೇಳುವ ಕೆಲವು ಪ್ರಶ್ನೆಗಳನ್ನು ಸೇರಿಸಿ ಆಟ ತನ್ನ ಎಂಟು ಮುಕ್ತಾಯಗಳಲ್ಲಿ ಒಂದನ್ನು ತೋರಿಸುತ್ತದೆ. ಎಂಟನ್ನೂ ನೋಡುವ ಆಸೆಯಿಂದ ತಮಗೆ ಒಪ್ಪಿಗೆಯಿಲ್ಲದ ಹಗ್ಗವನ್ನೂ ಎಳೆಯುವವರು ಬೇಕಾದಷ್ಟು ಜನರಿದ್ದಾರೆ. ನಾನೂ ಎಳೆದಿದ್ದೇನೆ, ನನ್ನ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಆದ್ದರಿಂದ ಒಂದು ಹಗ್ಗವನ್ನು ನೋಡಿ ಹುಡುಗನನ್ನು ಅಳೆಯಬೇಡಿ.

ನಾನಾಗಿದ್ದರೆ ಹಗ್ಗ ಬಿಟ್ಟು ಆಟದೊಳಗಿನ ವಿನ್ಸೆಂಟನ ಮೊಬೈಲ್ ನೋಡುತ್ತಿದ್ದೆ. ಬಾರಿನಲ್ಲಿ ಕೂತ ವಿನ್ಸೆಂಟ್‌ಗೆ ಗೆಳತಿಯ ಸಂದೇಶ ಬಂದಾಗ ಆಡುವವನು ಉತ್ತರವನ್ನು ಸಾಲು ಸಾಲಾಗಿ ಆರಿಸಬೇಕು, ಒಂದು ಸಾಲು ಹಿಡಿಸದಿದ್ದರೆ ಅಳಿಸಿ ಬೇರೆಯದನ್ನು ಹಾಕಬಹುದು. ಅಲ್ಲಿ ಯಾವ ಸಾಲನ್ನು ಅಳಿಸುತ್ತಾರೆ, ಯಾಕೆ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಒಂದು ಸಂಜೆಯ ಮಾತಿಗೆ ಕೊರತೆಯಾಗದು. ಬಸ್ಸಿನಲ್ಲಿ ನಿಮ್ಮನ್ನು ಕಾಡಿದ ಪ್ರಶ್ನೆಯನ್ನು ಅದೇ ಸಂಜೆ ನೇರವಾಗಿಯೇ ಕೇಳಿ. ಛತ್ರಕ್ಕೆ ಮುಂಗಡ ಕೊಟ್ಟಾಗಿದೆ ಎಂಬ ಕಾರಣಕ್ಕೆ ಸಂಕೋಚಪಡಬೇಡಿ.

ಒಂದು ಮಾತು ಬಿಟ್ಟುಹೋಯಿತು. ಇದು ವಯಸ್ಕರ ಆಟ. ಅಮೆರಿಕದಲ್ಲಿ 17 ವರ್ಷ ದಾಟಿದವರಿಗೆ ಮಾತ್ರ ತಕ್ಕದ್ದೆಂದು ಗುರುತಿಸಿದ್ದಾರೆ. ಹುಡುಗನ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಆಡಲಿ.