ಅತ್ತಿಗೆ 5 ತಿಂಗಳ ಬಸುರಿ, ದಿನಾ ಕುಡೀತಾರೆ. ಮನೇಲೇ ಕೂಡಿಹಾಕಿ ಬಿಡಿಸಬಹುದಾ?

ಬೇಡ. ದಯವಿಟ್ಟು ಬೇಡ. ಉಳಿದಿದ್ದು ಆಮೇಲೆ ಓದಿ, ಮೊದಲು ಇದೊಂದು ಮಾತು ಮನೇಲಿ ಹೇಳ್ಬಿಡಿ.

ನೀವು ಬರ್ದಿದೀರಿ, ಅತ್ತಿಗೆ ವರ್ಷದಿಂದ ದಿನಾ ರಾತ್ರಿ ಕುಡೀತಾರೆ, ಕವಳಕ್ಕೆ (ಎಲೆ ಅಡಿಕೆಗೆ) ತಂಬಾಕೂ ಹಾಕ್ತಾರೆ, ಕೋಣೇಲಿ ಎಂಟು ದಿನ ಬೀಗ ಹಾಕಿಟ್ರೆ ಸರಿಹೋಗ್ತಾಳೆ ಅಂತ ಅಮ್ಮ ಹೇಳ್ತಿದಾರೆ, ಆಸ್ಪತ್ರೇಲಿ ಬಾಯಿ ಬಿಟ್ರೆ ಮಗೂನ ಕಿತ್ಕೋತಾರೆ ಅಂತ ನಿಮಗೆ ಹೆದರಿಕೆ. ನಾನು ಡಾಕ್ಟರಲ್ಲ. ಕಾರವಾರ ಅಂಕೋಲೆ ಮಧ್ಯದ ಒಂದು ಊರಿನವಳು, ನಮ್ಮನೇಲೂ ಇದೇ ಆಗಿತ್ತು, ನನ್ನ ತಮ್ಮನ ಹೆಂಡತಿಗೆ. ಅವಳನ್ನ ಕೇಳಿಯೇ ಬರೀತಿದೀನಿ, "ಹೆಸರೊಂದು ಬಿಟ್ಟು ಎಲ್ಲಾ ಬರೀರಿ ಅಕ್ಕ" ಅಂದಿದಾಳೆ.

ತಮ್ಮ ಬೋಟಿಗೆ ಹೋಗೋನು. ಅವಳಿಗೆ ಮೊದಲನೇ ಬಸಿರು ಏಳು ತಿಂಗಳಿಗೆ ಹೋಯ್ತು, ಅಲ್ಲಿಂದ ನಿದ್ದೆನೇ ಇಲ್ಲ, ಅವನು ಗೋವಾದಿಂದ ತಂದಿಟ್ಟಿದ್ದ ಬಾಟ್ಲಿಯಿಂದ ನಿದ್ದೆಗೆ ಅಂತ ಒಂದು ಗುಟುಕು ಶುರು ಮಾಡಿದ್ದು, ನಮಗೆ ಗೊತ್ತಾಗೋ ಹೊತ್ತಿಗೆ ಒಂದೂವರೆ ವರ್ಷ ಆಗಿತ್ತು, ಮತ್ತೆ ಬಸಿರಿ ಆಗಿದ್ಲು. ನಾನು ಕಂಡಿದ್ದು ಒಂದಿನ ಬೆಳಿಗ್ಗೆ ಚಾ ತಂದುಕೊಡುವಾಗ, ಕಪ್ಪು ಬಸಿಗೆ ಕಟಕಟ ಬಡೀತಿತ್ತು, ಅರ್ಧ ಚಾ ಬಸಿಯಲ್ಲೇ. ವಾಸನೆ ಬರಬಾರ್ದು ಅಂತ ಲವಂಗ ಹಾಕಿದ ಕವಳ ಯಾವಾಗ್ಲೂ ಬಾಯಲ್ಲಿ. ಬಾಟ್ಲಿ ಅಕ್ಕಿ ಡಬ್ಬಿ ಒಳಗೆ.

ಅದು ಜುಲೈ, ಮೀನುಗಾರಿಕೆ ಬಂದ್ ಇರೋ ಎರಡು ತಿಂಗಳು, ತಮ್ಮ ಮನೇಲೇ ಇದ್ದ. ಎಲ್ರೂ ಕೂತು ಮಾತಾಡಿ ಕೋಣೆ ಬಾಗಿಲು ಹಾಕಿದ್ವಿ, ನಾನೂ ಹೂಂ ಅಂದವಳೇ. ಮೊದಲನೇ ದಿನ ಬೆವರು, ವಾಂತಿ. ಎರಡನೇ ದಿನ ಮಧ್ಯಾಹ್ನ ಗಂಜಿ ಕೊಡೋಕೆ ಹೋದ್ರೆ ಗೋಡೆ ಒರೆಸ್ತಾ ಕೂತಿದ್ಲು, "ಅಕ್ಕ ಎಷ್ಟು ಇರುವೆ ನೋಡಿ, ಎಲ್ಲಿಂದ ಬಂದ್ವು" ಅಂತ. ಒಂದು ಇರುವೆನೂ ಇರ್ಲಿಲ್ಲ. ಸಂಜೆಗೆ ಫಿಟ್ಸ್ ಬಂತು. 108ಕ್ಕೆ ಫೋನ್ ಮಾಡಿ ಆ ಮಳೇಲಿ ಕರ್ಕೊಂಡು ಹೋಗಿದ್ದು, ದಾರಿ ಉದ್ದಕ್ಕೂ ಅವಳ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕೂತಿದ್ದೆ, ಮಗು ಆಡ್ತಾ ಇದೆಯಾ ಅಂತ.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದ್ರು. ದಿನಾ ಕುಡಿಯೋರ ಮೆದುಳು ಅದಕ್ಕೆ ಒಗ್ಗಿಹೋಗಿರುತ್ತೆ, ತಟ್ಟಂತ ನಿಲ್ಸಿದ್ರೆ ಕೆಲವೇ ಗಂಟೆಗೆ ನಡುಕ ಶುರು, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಸನ್ನಿ ಹಿಡಿದ ಹಾಗೆ ಆಗಬಹುದು, ತಾಯಿ ಮಗು ಇಬ್ರ ಜೀವಕ್ಕೂ ಅಪಾಯ. ಅದಕ್ಕೇ ಅಡ್ಮಿಟ್ ಮಾಡ್ಕೊಂಡು ಮಾತ್ರೆ ಕೊಟ್ಟು ದಿನ ದಿನ ಡೋಸ್ ಇಳಿಸ್ತಾ ಬರ್ತಾರೆ, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಕುಡಿತ ನಿಲ್ಲಲೇಬೇಕು, ಬೇಗ ನಿಲ್ಲಬೇಕು, ಬಸುರೀಲಿ ಇಷ್ಟು ಕುಡಿದ್ರೆ ಪರವಾಗಿಲ್ಲ ಅನ್ನೋ ಅಳತೆನೇ ಇಲ್ಲ. ಆದ್ರೆ ನಿಲ್ಲೋದು ಆಸ್ಪತ್ರೇಲಿ. ಇವತ್ತು ರಾತ್ರಿ ಬಾಟ್ಲಿ ಕಿತ್ಕೊಳ್ಳೋ ಜಗಳ ಬೇಡ, ನಾಳೆ ಬೆಳಿಗ್ಗೆನೇ ಕರ್ಕೊಂಡು ಹೊರಡಿ. ನಿದ್ದೆ ಮಾತ್ರೆ ಅಭ್ಯಾಸ ಇದ್ದೋರಿಗೂ ಇದೇ ಮಾತು.

ತಂಬಾಕು ಹಾಗಲ್ಲ, ಅದನ್ನ ಒಂದೇ ಸಲಕ್ಕೆ ಬಿಟ್ರೂ ಅಪಾಯ ಇಲ್ಲ, ಸಿಟ್ಟು ತಲೆನೋವು ಒಂದಷ್ಟು ದಿನ ಅಷ್ಟೇ. ಕವಳ ತಾನೇ, ಸಿಗರೇಟಲ್ವಲ್ಲ ಅಂತ ನಮ್ಮ ಕಡೆ ಅಜ್ಜಿಯರಿಂದ ಹಿಡಿದು ಎಲ್ರೂ ಅಂತಾರೆ, ಆದ್ರೆ ಜಗಿಯೋ ತಂಬಾಕಿಂದಲೂ ಮಗು ತೂಕ ಕಮ್ಮಿ ಆಗುತ್ತೆ, ದಿನ ತುಂಬೋ ಮೊದಲೇ ಹೆರಿಗೆ ಆಗಬಹುದು. 1800112356 ತಂಬಾಕು ಬಿಡಿಸೋ ಉಚಿತ ನಂಬರ್.

ಇನ್ನೊಂದು, ಯಾರಾದ್ರೂ ಊಟದಲ್ಲಿ ಗೊತ್ತಾಗದ ಹಾಗೆ ಕುಡಿತ ಬಿಡಿಸೋ ಪುಡಿ ಹಾಕಿ ಅಂದ್ರೆ ಕೇಳ್ಬೇಡಿ. ಅಂಥ ಪುಡೀಲಿ ಡೈಸಲ್ಫಿರಾಮ್ ಅನ್ನೋ ಔಷಧಿ ಇದ್ರೆ ಅದರ ಮೇಲೆ ಕುಡಿದಾಗ ಬಿಪಿ ಇಳಿದು ಪ್ರಾಣಕ್ಕೇ ಬರುತ್ತೆ, ಗರ್ಭಿಣಿಗೆ ಅದನ್ನ ಡಾಕ್ಟರುಗಳೇ ಕೊಡಲ್ಲ.

ಮಗೂನ ಕಿತ್ಕೋತಾರೆ ಅನ್ನೋ ಹೆದರಿಕೆ. ಅಮೇರಿಕದ ಕೆಲವು ರಾಜ್ಯಗಳಲ್ಲಿ ಬಸುರಿ ಡ್ರಗ್ಸ್ ತಗೊಂಡ್ರೆ ಅದು ಮಗುವಿನ ಮೇಲಿನ ದೌರ್ಜನ್ಯ ಅಂತ ಕಾನೂನಿದೆ, ಅಂಥ ಸುದ್ದಿ ವಾಟ್ಸಾಪಲ್ಲಿ ಓಡಾಡಿ ಇಲ್ಲೂ ಹೆದರಿಸುತ್ತೆ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ, ಕುಡಿತ ಡ್ರಗ್ಸ್ ಚಟದಿಂದ ಬರೋ ಮಾನಸಿಕ ತೊಂದರೇನೂ ಅದರೊಳಗೆ ಬರುತ್ತೆ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗೂನ ಸಾಮಾನ್ಯವಾಗಿ ಬೇರೆ ಮಾಡಬಾರ್ದು ಅಂತ ಅದರಲ್ಲೇ ಬರೆದಿದೆ, ಅವರ ವಿಷಯ ಗುಟ್ಟಾಗಿಡಬೇಕು ಅಂತಲೂ ಇದೆ. ಬೆಂಗಳೂರಿನ ನಿಮ್ಹಾನ್ಸಲ್ಲಂತೂ ತಾಯಿ ಮಗು ಒಟ್ಟಿಗೇ ಇದ್ದು ಮಾನಸಿಕ ಚಿಕಿತ್ಸೆ ತಗೊಳ್ಳೋಕೆ ಅಂತಲೇ 2009ರಿಂದ ವಾರ್ಡ್ ಇದೆ.

ನಿಜವಾದ ಅಡ್ಡಿ ಕಾನೂನಲ್ಲ, ಜನರ ಬಾಯಿ. ಫಿಟ್ಸ್ ಎಲ್ಲಾ ಸರಿಹೋಗಿ ಮುಂದಿನ ಚೆಕಪ್ಪಿಗೆ ಹೋದಾಗ ಒಂದು ಆಸ್ಪತ್ರೇಲಿ ತೂಕ ನೋಡೋರು ಎಲ್ರೆದುರು "ಇಂಥೋರಿಗೆಲ್ಲ ಮಗು ಯಾಕೆ ಬೇಕು" ಅಂದ್ರು. ಅವಳು ತೂಕದ ಮಿಷನ್ನಿಂದ ಇಳಿದು ಚಪ್ಪಲಿ ಹಾಕ್ಕೊಂಡು ನಡೆದುಬಿಟ್ಲು, ಎರಡು ತಿಂಗಳು ಯಾವ ಚೆಕಪ್ಪಿಗೂ ಬರ್ಲಿಲ್ಲ. ಆ ಎರಡು ತಿಂಗಳು ಮಗುವಿನ ಬೆಳವಣಿಗೆ ಯಾರೂ ನೋಡ್ಲಿಲ್ಲ, ನನಗೆ ಈಗಲೂ ಅದೇ ಸಂಕಟ. ಅಂಕೋಲೆಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ಹೋರಾಡಿದ್ದು ನಮ್ಮ ಜಿಲ್ಲೇಲಿ ಎಲ್ರಿಗೂ ಗೊತ್ತು, ಹಾಡಿಗೆ 2017ರಲ್ಲಿ ಪದ್ಮಶ್ರೀನೂ ಬಂತು. ಕುಡಿಯೋ ಗಂಡಸರ ಬಗ್ಗೆ ಹೀಗೆ ಊರೆದುರು ಮಾತಾಡೋಕೆ ನಾವು ಕಲಿತ್ವಿ, ಕುಡಿಯೋ ಹೆಂಗಸಿನ ಸುದ್ದಿ ಮಾತ್ರ ಇನ್ನೂ ಅಡುಗೆಮನೆ ಪಿಸುಮಾತು, ಅವಳು ಬಾಟ್ಲಿ ಅಕ್ಕಿ ಡಬ್ಬೀಲಿ ಇಡದೆ ಇನ್ನೇನು ಮಾಡ್ತಾಳೆ ಹೇಳಿ.

ಅವಳನ್ನ ವಾಪಸ್ ಕರ್ಕೊಂಡು ಬಂದಿದ್ದು ಆಶಾ ಕಾರ್ಯಕರ್ತೆ. ಬೈಲಿಲ್ಲ, ಬುದ್ಧಿ ಹೇಳ್ಲಿಲ್ಲ, ಹಿತ್ಲಲ್ಲಿ ಕೂತು ಊಟ ಮಾಡಿದ್ಯಾ ನಿದ್ದೆ ಬಂತಾ ಅಂತ ಕೇಳಿ, 9ನೇ ತಾರೀಕು ತಜ್ಞ ಡಾಕ್ಟರ್ ಗರ್ಭಿಣಿಯರನ್ನ ಫ್ರೀಯಾಗಿ ನೋಡ್ತಾರೆ, ನಾನೇ ಜೊತೆಗೆ ಬರ್ತೀನಿ ಅಂದ್ರು. ಬಂದ್ರು ಕೂಡ.

ನವೆಂಬರಲ್ಲಿ ಹೆರಿಗೆ ಆಯ್ತು, ಹೆಣ್ಣು ಮಗು, 2.1 ಕೆಜಿ. ಎದೆ ಮೇಲೆ ಬಟ್ಟೆ ಇಲ್ಲದೆ ಮೈಗೆ ಮೈ ತಾಗೋ ಹಾಗೆ ಹಾಕ್ಕೊಂಡೇ ಬೆಳೆಸಿದ್ದು. ಬಸುರೀಲಿ ಜಾಗ್ರತೆ ಮಾಡೋರು ಸಿಗ್ತಾರೆ, ಹೆರಿಗೆ ಆದ್ಮೇಲೆ ಎಲ್ರ ಕಣ್ಣೂ ಮಗೂ ಮೇಲೆ, ತಾಯಿ ಒಬ್ಳೇ. ರಾತ್ರಿ ನಿದ್ದೆ ಇಲ್ಲ, ಗಂಡ ಸಮುದ್ರದಲ್ಲಿ, ಹಳೇ ಚಟ ಕರೆಯೋದು ಆವಾಗಲೇ. ಅದರ ಮೇಲೆ ಬಾಣಂತಿಗೆ ಶೀತ ಆಗಬಾರ್ದು ಅಂತ ಎರಡು ಚಮಚ ಬ್ರಾಂಡಿ ಕೊಡೋ ರೂಢಿ ಕೆಲವು ಮನೇಲಿದೆ, ನಮ್ಮಮ್ಮನೂ ತೆಗೆದಿಟ್ಟಿದ್ರು, ನಾನು ಚರಂಡಿಗೆ ಸುರಿದೆ. ದಶಮೂಲಾರಿಷ್ಟದಲ್ಲೂ ತಾನಾಗೇ ಹುದುಗಿ ಬರೋ ಆಲ್ಕೋಹಾಲ್ ಇರುತ್ತೆ, ಬಾಟ್ಲಿ ಮೇಲೇ ಬರ್ದಿರುತ್ತೆ ನೋಡಿ, ಕುಡಿತ ಬಿಟ್ಟೋರಿಗೆ ಅದೂ ಬೇಡ.

ಒಂದು ಸಂಜೆ, ಮಗೂಗೆ ಇಪ್ಪತ್ತು ದಿನ, ನಾನು ಹೊರಟು ನಿಂತಿದ್ದೆ, ಅವಳು ನನ್ನ ಸೆರಗು ಹಿಡ್ಕೊಂಡು "ಅಕ್ಕ ಇವತ್ತು ಇಲ್ಲೇ ಮಲಗ್ತೀರಾ" ಅಂದ್ಲು. ಬೇರೇನೂ ಹೇಳ್ಲಿಲ್ಲ. ನನಗೆ ಅರ್ಥ ಆಯ್ತು, ಹದಿನೈದು ದಿನ ಅಲ್ಲೇ ಮಲಗಿದೆ. ಆಶಾನೂ 3, 7, 14, 21, 28, 42ನೇ ದಿನ ಅಂತ ಮನೆಗೆ ಬರ್ತಾರೆ, ಅವರ ಹತ್ರ ಅತ್ತಿಗೆ ಒಬ್ರೇ ಮಾತಾಡೋಕೆ ಹತ್ತು ನಿಮಿಷ ಬಿಟ್ಕೊಡಿ.

ಮೂರನೇ ತಿಂಗಳಲ್ಲಿ ಒಂದಿನ ಕುಡಿದ್ಲು. ತಾನೇ ಫೋನ್ ಮಾಡಿ ಹೇಳಿದ್ಲು, ನಾವು ಕೂಗಾಡ್ಲಿಲ್ಲ. ಆ ರಾತ್ರಿ ಮಗು ನನ್ನ ಹತ್ರ, ಕುಡಿದೋರ ಪಕ್ಕ ಮಗು ಮಲಗಿಸಬಾರ್ದು, ಹಾಲೂ ಅಮಲು ಪೂರ್ತಿ ಇಳಿಯೋವರೆಗೆ ಕೊಡಬಾರ್ದು, ಒಂದೊಂದು ಸಣ್ಣ ಪೆಗ್ಗಿಗೆ (30 ಎಂಎಲ್) ಕಮ್ಮಿ ಅಂದ್ರೂ ಎರಡೆರಡು ಗಂಟೆ ಅಂತ ಲೆಕ್ಕ. ಮರುದಿನ ಡಾಕ್ಟರ್ ಹತ್ರ ಹೋದ್ವಿ. ಅದಾದ್ಮೇಲೆ ತಮ್ಮನೂ ಮನೆಗೆ ಬಾಟ್ಲಿ ತರೋದು ಬಿಟ್ಟ. ನಿಮ್ಮಣ್ಣ ಕುಡಿಯೋರಾದ್ರೆ ಇದನ್ನ ಅವರಿಗೂ ತೋರ್ಸಿ, ಗಂಡ ಎದುರು ಕೂತು ಕುಡೀತಾ ಹೆಂಡತಿ ಬಿಡಲಿ ಅನ್ನೋದು ಅನ್ಯಾಯ.

ಮಗೂಗೆ ಈಗ ನಾಲ್ಕು ವರ್ಷ. ಮಾತು ತಡ ಆಯ್ತು, ಬಸುರೀಲಿ ಕುಡಿದಿದ್ದಕ್ಕೇನಾ ಅಂತ ಯಾರೂ ಖಂಡಿತ ಹೇಳಿಲ್ಲ, ಆದ್ರೆ ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಬರೋ ಸರ್ಕಾರಿ (ಆರ್‌ಬಿಎಸ್‌ಕೆ) ಡಾಕ್ಟರ್ ಹತ್ರ ಅವಳೇ ಇದ್ದಿದ್ದು ಇದ್ದ ಹಾಗೆ ಹೇಳಿದ್ಲು, ಹಾಗಾಗಿ ಬೇಗ ಸ್ಪೀಚ್ ಥೆರಪಿ ಶುರುವಾಯ್ತು.

ಇದನ್ನ ಓದೋ ಬೇರೆ ಯಾರ ಮನೇಲಾದ್ರೂ ಬ್ರೌನ್ ಶುಗರ್ (ಹೆರಾಯಿನ್) ಅಥವಾ ಅಫೀಮು ಜಾತಿಯ ನೋವಿನ ಮಾತ್ರೆ ಚಟ ಇದ್ರೆ ಅದನ್ನೂ ಬಸುರೀಲಿ ತಟ್ಟಂತ ನಿಲ್ಸಬಾರ್ದು, ಅದಕ್ಕೆ ಬ್ಯೂಪ್ರೆನಾರ್ಫಿನ್ ಅಂತ ಔಷಧಿ ಇದೆ. ಹುಟ್ಟಿದ ಮಗು ಎರಡು ಮೂರು ದಿನಕ್ಕೆ ನಡುಗಿ ಕೀರಲು ದನೀಲಿ ಅಳಬಹುದು, ಆಸ್ಪತ್ರೇಲಿ ನೋಡ್ಕೊಂಡ್ರೆ ಅದು ವಾಸಿ ಆಗೋದೇ, ಮಂದ ಬೆಳಕಿನ ಕೋಣೇಲಿ ಎದೆಗವಚಿ, ಡಾಕ್ಟರ್ ಸರಿ ಅಂದ್ರೆ ಹಾಲು ಕೊಡೋದೂ ಚಿಕಿತ್ಸೆನೇ.

ನೀವು ಕುಮಟಾ ಕಡೆಯವರು ಅಂದ್ರಲ್ಲ, ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕ್ರಿಮ್ಸ್‌ಗೆ ಹೋಗಿ, ಮಾನಸಿಕ ವಿಭಾಗ ಹೆರಿಗೆ ವಿಭಾಗ ಎರಡೂ ಅಲ್ಲೇ. ಹೋಗೋ ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮನಸ್‌ಗೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ತಾಯಿ ಕಾರ್ಡ್ ತಗೊಳ್ಳಿ, ಎಷ್ಟು ಕುಡೀತಾರೆ, ಕೊನೆಗೆ ಕುಡಿದಿದ್ದು ಎಷ್ಟೊತ್ತಿಗೆ ಅಂತ ಚೀಟೀಲಿ ಬರ್ಕೊಂಡು ಹೋಗಿ, ಅಲ್ಲಿ ಕೇಳಿದಾಗ ಅವರು ಬಾಯಿ ಬಿಟ್ಟು ಹೇಳ್ಬೇಕಾಗಲ್ಲ. ಅಮ್ಮ ಬರೋದು ಬೇಡ ಅಂತ ಅತ್ತಿಗೆ ಅಂದ್ರೆ ಅಮ್ಮ ಬೇಡ, ನೀವೇ ಹೋಗಿ.