ಮಳೆ ಪುಸ್ತಕದಲ್ಲಿ ಒಂದೇ ಪುಟ ಓದ್ತಿದ್ದ ಅಕ್ಕ: ಒಂದು ಆಪ್ತಸಲಹೆ ಪ್ರಕರಣ

(ಊರು, ಮನೆ ವಿವರ ಎಲ್ಲ ಬದಲಿಸಿದೀನಿ, ಬರೆಯೋಕೆ ಅವರ ಒಪ್ಪಿಗೆ ಇದೆ. ಇಲ್ಲಿ ಬರೀ ಅಕ್ಕ ಅಂತ ಕರೀತೀನಿ.)

ಅಕ್ಕಂಗೆ ಐವತ್ತರ ಆಸುಪಾಸು, ಮೂಡಿಗೆರೆ ಕಡೆ ಸಣ್ಣ ತೋಟ, ಜಾಸ್ತಿ ರೊಬಸ್ಟಾ ಕಾಫಿನೇ. 2019ರ ಆಗಸ್ಟಲ್ಲಿ ಆಶ್ಲೇಷ ಮಳೆ ಹೊಡೆದಾಗ ಆ ತಾಲ್ಲೂಕಲ್ಲಿ ಎಷ್ಟೋ ಕಡೆ ಗುಡ್ಡ ಜರುಗಿತಲ್ಲ, ಆಗ ಇವರ ತೋಟದ ಮೇಲಿನ ತುಂಡೂ ಗಿಡ ಮರ ಸಮೇತ ಹಳ್ಳಕ್ಕೆ ಹೋಯ್ತು. ಮುಂದಿನ ವರ್ಷ ಯಜಮಾನ್ರು ಹಾರ್ಟ್ ಅಟ್ಯಾಕಲ್ಲಿ ತೀರ್ಕೊಂಡ್ರು. ಅತ್ತೆ ಕಾಲದ್ದೊಂದು ಹೊರನಾಡಿನ ಅನ್ನಪೂರ್ಣೇಶ್ವರಿ ಹರಕೆ ಬಾಕಿ ಇತ್ತಂತೆ, ಯಾರೋ ನೆಂಟರು ಸಾವಿನ ಮನೇಲೇ ಆ ಮಾತು ಎತ್ತಿದ್ರು, ಅಲ್ಲಿಂದ ಶುರುವಾಯ್ತು ನೋಡಿ. ಕಾಗೆ ಕೂಗಿದ್ರೆ, ಹಲ್ಲಿ ಲೊಚಗುಟ್ಟಿದ್ರೆ, ಕಣದಲ್ಲಿ ಹಾವಿನ ಪೊರೆ ಸಿಕ್ಕಿದ್ರೆ ಎಲ್ಲಾನೂ ದೇವರು ತನಗೇ ಹೇಳ್ತಿರೋ ಎಚ್ಚರಿಕೆ. ರಾತ್ರಿ ಶೀಟಿನ ಮೇಲೆ ಮಳೆ ಸದ್ದು ಬಂದ್ರೆ ಎದ್ದು ಕೂತ್ಕೊಂಡು ಬೆಳಗಾಗೋವರೆಗೂ ಟಾರ್ಚ್ ಹಿಡ್ಕೊಂಡು ಗುಡ್ಡದ ಕಡೆ ನೋಡೋದು.

ಮಗಳು ಕರ್ಕೊಂಡ್ ಬಂದಿದ್ದು, ಫೆಬ್ರವರಿ ಕೊನೆ ಇರ್ಬೇಕು. ದೇವರ ವಿಷಯ ಆಮೇಲೆ, ಮೊದಲು ನಿದ್ದೆ, ಊಟ, ಬಿಪಿ ವಿಚಾರಿಸ್ದೆ. ಬದುಕೋದೇ ಬೇಡ ಅನ್ಸುತ್ತಾ ಅಕ್ಕ ಅಂತ ನೇರವಾಗೇ ಕೇಳ್ದೆ. ಹಾಗೇನಿಲ್ಲ ಮೇಡಂ, ಆದ್ರೆ ಸಾಕಾಗಿದೆ ಅಂದ್ರು. ಡಾಕ್ಟರ ಹತ್ರ ಕಳಿಸಿ ನಿದ್ದೆಗೆ ವ್ಯವಸ್ಥೆ ಆಯ್ತು, ಮಗಳ ಫೋನಲ್ಲಿ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ನಂಬರ್ 14416 ಹಾಕಿಸಿದ್ದಾಯ್ತು. ಇದನ್ನ ಬಿಟ್ಟು ಬರೀ ದೇವರು ಪ್ರಕೃತಿ ಅಂತ ಮಾತಾಡೋ ಸಲಹೆಗಾರರನ್ನ ದಯವಿಟ್ಟು ನಂಬಬೇಡಿ.

ಅದೆಲ್ಲ ಮೂಢನಂಬಿಕೆ ಬಿಟ್ಬಿಡಿ ಅಂತ ಅವರಿಗೆ ಆಗ್ಲೇ ಬೇಕಾದಷ್ಟು ಜನ ಹೇಳಾಗಿತ್ತು. ನಾನು ಹೇಳಲಿಲ್ಲ, ಯಾಕಂದ್ರೆ ದೇವರ ಗುಣ ಅವನು ಮಾಡಿಟ್ಟ ಮಣ್ಣು ನೀರು ಗಿಡದಲ್ಲಿ ಕಾಣುತ್ತೆ ಅನ್ನೋದು ನನ್ನ ನಂಬಿಕೆನೂ ಹೌದು. ಅಕ್ಕ ಪ್ರಕೃತೀಲಿ ದೇವರನ್ನ ಹುಡುಕ್ತಿರೋದು ತಪ್ಪಲ್ಲ, ಒಂದೇ ಒಂದು ವಾರದ ಮಳೆ ನೋಡಿ ದೇವರು ಇಂಥೋನು ಅಂತ ತೀರ್ಮಾನ ಮಾಡ್ಬಿಟ್ಟಿದ್ರು, ತೊಂದ್ರೆ ಇದ್ದಿದ್ದು ಅಲ್ಲಿ.

ಮಲೆನಾಡಲ್ಲಿ ತೋಟ ಇರೋ ಮನೇಲಿ ಮಳೆ ಲೆಕ್ಕದ ಪುಸ್ತಕ ಇರುತ್ತೆ, ಗೊತ್ತಿರೋರಿಗೆ ಗೊತ್ತು. ದಿನಾ ಬೆಳಿಗ್ಗೆ ಅಳತೆ ನೋಡಿ ಇಂಚು ಸೆಂಟಲ್ಲಿ ಬರೆಯೋದು, ಸೆಂಟ್ ಅಂದ್ರೆ ಇಂಚಿನ ನೂರನೇ ಒಂದು ಭಾಗ. ಯಜಮಾನ್ರು ಬರೆದಿದ್ದು ಇದ್ರೆ ತನ್ನಿ ಅಂದೆ. ತಂದ್ರು, ಉದ್ದದ ಲೆಡ್ಜರ್, ಬೈಂಡು ಬಿಟ್ಟಿದೆ, ಅಂಚೆಲ್ಲ ಗೆದ್ದಲು. ಆಶ್ಲೇಷದ ಆ ಪುಟ ಮಾತ್ರ ತೆಗೆದೂ ತೆಗೆದೂ ಎಣ್ಣೆ ಕೈಯಿಂದ ಕಂದು ಬಣ್ಣಕ್ಕೆ ತಿರುಗಿತ್ತು, ಪುಸ್ತಕ ಬಿಟ್ರೆ ಅದೇ ತೆರ್ಕೊಳ್ತಿತ್ತು. ಮಿಕ್ಕಿದ್ದು ಓದಿ ಅಕ್ಕ, ಜೋರಾಗೇ ಓದಿ ಅಂದೆ. ಓದ್ತಾ ಓದ್ತಾ ಮಾರ್ಚ್ ಏಪ್ರಿಲ್ ಪುಟಗಳಲ್ಲಿ ನಿಂತ್ರು. "ಹೂಮಳೆ 1 ಇಂಚು 10, ಸಾಕು" ಅಂತ ಒಂದು ಕಡೆ (ಹೂಮಳೆ ಅಂದ್ರೆ ಕಾಫಿ ಹೂ ಅರಳಿಸೋ ಬೇಸಿಗೆ ಮಳೆ), ಇನ್ನೊಂದು ಕಡೆ "ಭರಣಿ ಚೆನ್ನಾಗಿ ಬಂತು". ಗಂಡನ ಅಕ್ಷರ ನೋಡಿ ಅತ್ರು, ಅಳಲಿ ಅಂತ ಸುಮ್ನೆ ಕೂತೆ.

ಆಮೇಲೆ ಕೊಟ್ಟ ಕೆಲಸ ಇಷ್ಟೇ. ಆ ಪುಸ್ತಕ ಮುಂದುವರೆಸಿ, ಅಳತೆ ಬರೀರಿ, ಜೊತೆಗೆ ತೋಟದಲ್ಲಿ ಕಂಡಿದ್ದು ಎರಡು ಸಾಲು. ಕಂಡಿದ್ದು ಮಾತ್ರ, ಅರ್ಥ ಬೇಡ. ಅರ್ಥ ವಾರಕ್ಕೊಂದು ಸಲ, ಸೋಮವಾರ ಪೂಜೆ ಆದ್ಮೇಲೆ.

ಸುಲಭ ಆಗ್ಲಿಲ್ಲ. ಅತ್ತಿಮರದ ಪಕ್ಕದ ಮರದ ಪೊಟರೇಲಿ ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ಮಾಡಿತ್ತು, ಹೆಣ್ಣು ಒಳಗೆ ಕೂತು ಪೊಟರೆ ಬಾಯಿ ಮುಚ್ಕೊಂಡು ಒಂದು ಸಂದು ಬಿಟ್ಟಿರುತ್ತೆ, ಗಂಡು ಹಣ್ಣು ತಂದು ಆ ಸಂದಲ್ಲಿ ಕೊಡುತ್ತೆ. ಅಕ್ಕ ಅದನ್ನ ನೋಡಿ, ಗಂಡ ಇಲ್ಲದೋಳು ಹೊರಗೆ ಓಡಾಡಬಾರದು ಅಂತ ದೇವರು ತೋರಿಸ್ತಿದಾನೆ ಮೇಡಂ ಅಂದ್ರು! ಆಗ ಒಂದು ಪರೀಕ್ಷೆ ಹೇಳ್ಕೊಟ್ಟೆ, ಈಗ ಬೇರೆಯವರಿಗೂ ಹೇಳ್ತೀನಿ. ನಿಮಗೆ ಹೊಳೆದ ಅರ್ಥ ಪಕ್ಕದ ಮನೆಯವರಿಗೂ ಅಷ್ಟೇ ಸರಿ ಹೊಂದುತ್ತಾ ನೋಡಿ, ಹೊಂದಿದ್ರೆ ಅದು ದೇವರ ಗುಣ ಇರಬಹುದು, ನಿಮ್ಮೊಬ್ಬರಿಗೇ ಶಿಕ್ಷೆ ಥರ ಬಂದ್ರೆ ಅದು ನಿಮ್ಮ ಭಯ. ಮಂಗಟ್ಟೆನ ಪೂರ್ತಿ ನೋಡಿ, ಮರಿ ಬಲಿತ ಮೇಲೆ ಅದು ಮುಚ್ಚಿದ್ದನ್ನ ಒಡ್ಕೊಂಡು ಆಚೆ ಬರುತ್ತೆ ಅಂದೆ.

ಹೂಮಳೆ ಬಂದಾಗ ಅವರೇ ಫೋನ್ ಮಾಡಿದ್ರು. ರೊಬಸ್ಟಾ ಮೊಗ್ಗು ಒಂದು ಹದ ಮಳೆ ಬೀಳೋವರೆಗೂ ಕಾಯುತ್ತೆ, ಬಿದ್ದು ಎಂಟ್ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗಿ ಮಲ್ಲಿಗೆ ಥರ ಘಮ ಅಂತಿರುತ್ತೆ, ಎರಡ್ಮೂರು ದಿನ ಅಷ್ಟೇ. ಪಕ್ಕದ ತೋಟದವರ ಜೊತೆ ಇವರದ್ದು ಬೇಲಿ ಕೇಸು ನಡೀತಾ ಇದೆ, ವರ್ಷಗಳಿಂದ ಮಾತಿಲ್ಲ. ಅಕ್ಕ ಹೇಳಿದ್ದು ಕೇಳಿ: "ಮೇಡಂ, ಅವರಿಗೂ ಅಷ್ಟೇ ಮಳೆ ಬಿದ್ದಿದೆ. ಅಷ್ಟೇ ಅಲ್ಲ, ರೊಬಸ್ಟಾ ತನ್ನ ಹೂವಿನ ಪುಡೀಲಿ ತಾನು ಕಾಯಿ ಕಟ್ಟಲ್ಲ, ಬೇರೆ ಗಿಡದ್ದು ಗಾಳೀಲೋ ಜೇನಿಂದಲೋ ಬರ್ಬೇಕು. ನಮ್ಮ ಬೇಲಿ ಸಾಲಿನ ಕಾಯಿ ಅವರ ಗಿಡದಿಂದಾನೂ ಆಗಿರುತ್ತೆ ಅಲ್ವಾ? ದೇವರು ಲೆಕ್ಕ ತೀರಿಸ್ಕೊಳ್ಳೋನಾಗಿದ್ರೆ ಹಿಂಗೆ ಮಾಡ್ತಿದ್ನಾ?" ನಾನು ಇದನ್ನ ಹೇಳ್ಕೊಟ್ಟಿರಲಿಲ್ಲ. ನಲವತ್ತು ವರ್ಷ ಕಾಫಿ ಜೊತೆ ಬದುಕಿದೋರಿಗೆ ಬೇರೆಯವರು ಹೇಳ್ಕೊಡಬೇಕಾಗಿಲ್ಲ.

ಹಂಗಾದ್ರೆ ಗುಡ್ಡ ಯಾಕೆ ಜರುಗಿತು ಅಂತನೂ ಕೇಳಿದ್ರು. ಕೆಲವೇ ದಿನಕ್ಕೆ ಅಷ್ಟೊಂದು ಮಳೆ, ಕಡಿದಾದ ಇಳಿಜಾರು, ಮೇಲ್ಗಡೆ ರಸ್ತೆಗೆ ಅಗೆದಿದ್ದು, ನೀರು ಕುಡಿದ ಮಣ್ಣು ಭಾರ ತಡೀಲಿಲ್ಲ, ಹರಕೆ ತೀರಿಸಿದ್ದ ಮನೆಯವರ ತೋಟನೂ ಆವತ್ತು ಹೋಗಿದೆಯಲ್ಲ ಅಂದೆ. ಯಜಮಾನ್ರು ಯಾಕೆ ಹೋದ್ರು ಅನ್ನೋದಕ್ಕೆ ಮಾತ್ರ ಉತ್ತರ ಕೊಡೋಕೆ ಹೋಗ್ಲಿಲ್ಲ, ಅದಕ್ಕೆ ಉತ್ತರ ಇದೆ ಅನ್ನೋರು ದುಃಖದಲ್ಲಿರೋರಿಗೆ ಅನ್ಯಾಯ ಮಾಡ್ತಾರೆ.

ಹರಕೆ ಬಗ್ಗೆ: ಮನಸ್ಸಿದ್ರೆ ತೀರಿಸಿ, ದಂಡ ಕಟ್ಟೋ ಥರ ಹೋಗ್ಬೇಡಿ, ಅನ್ನಪೂರ್ಣೇಶ್ವರಿ ಹತ್ರ ಊಟ ಮಾಡ್ಕೊಂಡು ಬರೋಕೆ ಹೋಗಿ ಅಂದೆ. ಮಗಳ ಜೊತೆ ಹೋಗಿ ಬಂದ್ರು. ಮಳೆಗಾಲಕ್ಕೆ ಮುಂಚೆ ಮೇಲಿನ ಚರಂಡಿ ಬಿಡಿಸಿಕೊಳ್ಳಿ, ಜೋರು ಮಳೆ ದಿನ ತಂಗಿ ಮನೇಲಿ ಮಲಗಿ, ಅದೇನು ನಂಬಿಕೆ ಕಮ್ಮಿ ಅಂತ ಆಗಲ್ಲ ಅಂತನೂ ಹೇಳಿದ್ದೆ.

ಈಗ ಹಲ್ಲಿ ಕಾಗೆ ಕಾಟ ಬಹಳ ಮಟ್ಟಿಗೆ ಹೋಗಿದೆ. ಆಶ್ಲೇಷ ಬಂದ್ರೆ ನಿದ್ದೆ ಈಗಲೂ ಕೆಡುತ್ತೆ, ಅದಕ್ಕೇ ಜುಲೈ ಆಗಸ್ಟಲ್ಲಿ ಹದಿನೈದು ದಿನಕ್ಕೊಮ್ಮೆ ಬನ್ನಿ ಅಂದಿದೀನಿ, ಬರ್ತಾರೆ, ಪುಸ್ತಕನೂ ತರ್ತಾರೆ. ಬೇಲಿ ಕೇಸು ಇನ್ನೂ ಮುಗಿದಿಲ್ಲ, ಆದ್ರೆ ಪಕ್ಕದ ಮನೆ ಅಜ್ಜಿ ಹುಷಾರಿಲ್ಲ ಅಂದಾಗ ಅಕ್ಕ ಹೋಗಿ ನೋಡ್ಕೊಂಡು ಬಂದ್ರಂತೆ.